ಮಕ್ಕಳ ಸಂಬಳ, ಯಾರ ಕೈಲಿ?

ಪಿಯುಸಿ ಮುಗಿಯುತ್ತಿದ್ದಂತೆ ಮಗಳು ಕೆಲಸಕ್ಕೆ ಸೇರಿದ್ದಾಳೆ. ಮೊದಲ ಸಂಬಳವೂ ಬಂತು. ನೀವು ಮೊದಲು ಮಾಡಿದ ಕೆಲಸ ಏನು ಹೇಳಿ? ಎಟಿಎಂ ಕಾರ್ಡು ಇಸ್ಕೊಂಡು ಬೀರುವಿನಲ್ಲಿ ಇಟ್ಟಿರಿ, ಅಲ್ವಾ?

ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಒಂದು ಕಾಲಕ್ಕೆ ಕಲ್ಲು ಕೆಲಸ, ಹೊಲದ ಕೆಲಸವೇ ಹೆಚ್ಚು. ಕೂಲಿ ನೇರವಾಗಿ ಅಪ್ಪನ ಕೈಗೆ. ಈಗ ಮಾಲೂರು, ನರಸಾಪುರದ ಕಾರ್ಖಾನೆಗಳಿವೆ, ಬೆಂಗಳೂರಿಗೆ ರೈಲಿದೆ. ಹದಿನೆಂಟು, ಹತ್ತೊಂಬತ್ತರ ಮಕ್ಕಳ ಖಾತೆಗೇ ದುಡ್ಡು ಬೀಳುತ್ತೆ. (14 ತುಂಬದವರನ್ನು ಕಾರ್ಖಾನೆ, ಅಂಗಡಿಗಳಲ್ಲಿ ದುಡಿಸುವಂತಿಲ್ಲ, 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 2016ರ ತಿದ್ದುಪಡಿಯ ನಂತರ ಕಾನೂನು ಇರುವುದು ಹೀಗೆ.) ಕಾರ್ಡು ನಿಮ್ಮ ಬೀರುವಿನಲ್ಲೇ ಇದ್ದರೆ ಮಕ್ಕಳು ಲೆಕ್ಕ ಕಲಿಯೋದು ಯಾವಾಗ? ಮದುವೆಯಾದ ಮೇಲೆ ಅದೇ ಕಾರ್ಡು ಗಂಡನ ಜೇಬಿಗೆ ಹೋಗುತ್ತೆ, ಅಷ್ಟೇ!

ಮೊದಲು ಸಂಬಳದ ಚೀಟಿ ಓದೋದು ಕಲಿಸಿ. ಒಟ್ಟು ಎಷ್ಟು, ಪಿಎಫ್, ಇಎಸ್‌ಐಗೆ ಹಿಡಿದದ್ದೆಷ್ಟು, ಓಟಿ ಎಷ್ಟು ಗಂಟೆ ಅಂತ ಒಟ್ಟಿಗೆ ಕೂತು ನೋಡಿ. ಇದು ಸಣ್ಣ ವಿಷಯ ಅಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ದೊಡ್ಡ ಗಲಾಟೆ ಆದದ್ದು ಸಂಬಳದ ವಿಚಾರಕ್ಕೇ. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿಲ್ಲ ಎಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಹಾಜರಿ ದಿನ, ಓಟಿ ಗಂಟೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಕೇಳೋಕೆ ಧೈರ್ಯ ಬರುತ್ತೆ. ಇನ್ನೊಂದು: ಐನೂರು ರೂಪಾಯಿ ಜಾಸ್ತಿ ಅಂತ ಕೆಲಸ ಬದಲಿಸುವ ವಯಸ್ಸಿದು. ಹೊಸ ಕಂಪನಿಗೂ ಪಿಎಫ್‌ನ ಹಳೇ ಯುಎಎನ್ ನಂಬರನ್ನೇ ಕೊಡಬೇಕು. ಇಲ್ಲದಿದ್ದರೆ ಹಳೇ ದುಡ್ಡು ಅಲ್ಲೇ ಮರೆತುಹೋಗುತ್ತೆ.

ಮನೆಗೆ ಕೊಡಬೇಡ ಅಂತ ನಾನು ಹೇಳ್ತಿಲ್ಲ. ತಮ್ಮನ ಫೀಸು, ಅಪ್ಪನ ಔಷಧಿ ಇದ್ದೇ ಇರುತ್ತೆ. ಆದರೆ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ತಿಂಗಳ ಕೊನೆಗೆ "ಇನ್ನೂ ಸ್ವಲ್ಪ ಕೊಡೇ" ಅಂದರೆ ಮಕ್ಕಳು ಸಂಬಳ ಎಷ್ಟು ಬಂತು ಅನ್ನೋದನ್ನೇ ಮುಚ್ಚಿಡೋಕೆ ಶುರು ಮಾಡ್ತಾರೆ. ಉಳಿತಾಯಕ್ಕೆ ಅಂಚೆ ಕಚೇರಿಯ ಆರ್‌ಡಿ ಇದೆ, ತಿಂಗಳಿಗೆ ನೂರು ರೂಪಾಯಿಯಿಂದ ಶುರು. ಸಾವಿರ ಕಟ್ಟಿದರೆ ಐದು ವರ್ಷಕ್ಕೆ ಅಸಲೇ 60,000, ಬಡ್ಡಿ ಬೇರೆ. ಪಕ್ಕದ ಬೀದಿಯ ಕೈಚೀಟಿಗಿಂತ ಇದು ವಾಸಿ, ಚೀಟಿ ನಡೆಸುವವರು ಎಷ್ಟೇ ಬೇಕಾದವರಾಗಿರಲಿ!

ಇನ್ನು ಸಾಲ. 18 ತುಂಬದವರು ಮಾಡಿಕೊಂಡ ಸಾಲದ ಕರಾರು ಕಾನೂನಿನಲ್ಲಿ ನಿಲ್ಲೋದಿಲ್ಲ. ತುಂಬಿತೋ, ಕಂತಿನ ಫೋನು, ಕಂತಿನ ಬೈಕು, ಮೊಬೈಲ್ ಆ್ಯಪ್ ಸಾಲ ಎಲ್ಲವೂ ಬಾಗಿಲಿಗೇ! ಬೈದು ಪ್ರಯೋಜನವಿಲ್ಲ. ಕಂತು ಇಂಟು ತಿಂಗಳು ಎಷ್ಟಾಯ್ತು, ಅಂಗಡಿ ಬೆಲೆ ಎಷ್ಟು, ಮಗನ ಕೈಲೇ ಲೆಕ್ಕ ಹಾಕಿಸಿ. ಒಟಿಪಿಯನ್ನು ಯಾರಿಗೂ ಹೇಳಬಾರದು, ಗೆಳೆಯರ ಸಾಲಕ್ಕೆ ಜಾಮೀನು ನಿಲ್ಲಬಾರದು ಅನ್ನೋದನ್ನೂ ಆಗಲೇ ಕಿವಿಗೆ ಹಾಕಿ.

ಮೊದಲ ಮೂರು ತಿಂಗಳು ಲೆಕ್ಕ ತಪ್ಪುತ್ತೆ, ತಪ್ಪಲಿ ಬಿಡಿ. ಇಪ್ಪತ್ತನೇ ತಾರೀಖಿಗೇ "ಅಮ್ಮಾ, ಇನ್ನೂರು ಕೊಡು" ಅಂದರೆ ಕೊಡಿ, ಆದರೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಮುಂದಿನ ಸಂಬಳದ ದಿನ ಮರೆಯದೆ ವಾಪಸ್ ಇಸ್ಕೊಳ್ಳಿ.