ಗಂಡಸಿನ ರಿಪೋರ್ಟು

ಸಂಘದ ಯುಗಾದಿ ಕೂಟಕ್ಕೆಂದು ಪುಣೆಗೆ ಹೋದಾಗಲೆಲ್ಲ ನನ್ನ ಮನೆಯವಳಿಗೆ ಒಂದು ಪ್ರಶ್ನೆ ಕಾದಿರುತ್ತಿತ್ತು: "ಏನರೆ ವಿಶೇಷ ಐತೇನವಾ?" ಏಳು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದವರು ಒಬ್ಬರೂ ಇಲ್ಲ. ನಾನು ಹೋಳಿಗೆಯೂಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ನಿಶ್ಚಿಂತೆಯಿಂದ ಕುಳಿತಿರುತ್ತಿದ್ದೆ. ಹೆಣ್ಣುಮಕ್ಕಳೂ ಓದುವ ಈ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಹಿರಿಯರು ಹುಬ್ಬೇರಿಸಬಹುದು. ಅವರು ಓದುತ್ತಾರೆಂದೇ ಬರೆಯುತ್ತಿದ್ದೇನೆ.

ನಾವಿರುವುದು ಇಂದಾಪುರದಲ್ಲಿ. ಶಿವಾಜಿ ಮಹಾರಾಜರ ಅಜ್ಜ ಮಾಲೋಜಿ ರಾಜರು ಕಾದಿ ಮಡಿದ ಊರಿದು. ಅವರಿಗೆ ಬಹುಕಾಲ ಮಕ್ಕಳಾಗದೆ, ಅಹಮದನಗರದ ಶಾಹ ಶರೀಫ ಎಂಬ ಪೀರರಿಗೆ ಹರಕೆ ಹೊತ್ತ ಮೇಲೆ ಇಬ್ಬರು ಗಂಡುಮಕ್ಕಳಾದರೆಂದೂ, ಅದಕ್ಕೇ ಅವರಿಗೆ ಶಹಾಜಿ, ಶರೀಫಜಿ ಎಂದು ಹೆಸರಿಟ್ಟರೆಂದೂ ಇಲ್ಲಿಯವರು ಕತೆ ಹೇಳುತ್ತಾರೆ. ರಾಜನಾದವನು ತಾನೂ ಹರಕೆ ಹೊತ್ತ. ನಮ್ಮ ಮನೆಯಲ್ಲಿ ಹಾಗಲ್ಲ. ಇಂಡಿ ತಾಲೂಕಿನಿಂದ ಅವ್ವ ಬಂದಾಗಲೆಲ್ಲ ತಾಯಿತ ಸೊಸೆಯ ತೋಳಿಗೆ, ಉಪವಾಸ ಸೊಸೆಗೆ, ತುಳಜಾಪುರದ ಮೆಟ್ಟಿಲೂ ಸೊಸೆಗೆ.

ದವಾಖಾನೆಯ ಕಡತವೂ ಅವಳದೇ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ನೋವಿನ ಪರೀಕ್ಷೆ, ಎಲ್ಲವೂ ಆಗಿತ್ತು. ನಾನು ಬಸ್ಸಿನ ಟಿಕೀಟು ತೆಗೆಸುವವನಷ್ಟೆ. ಕಡೆಗೆ ಪುಣೆಯಲ್ಲಿ ಹೊಸದಾಗಿ ಕಂಡ ಡಾಕ್ಟರಬಾಯಿಯೊಬ್ಬರು ಆ ದಪ್ಪ ಕಡತವನ್ನು ತಿರುವಿಹಾಕಿ, "ಯಜಮಾನರ ರಿಪೋರ್ಟು ಎಲ್ಲಿ?" ಎಂದರು. ನನಗೆ ಸಿಟ್ಟು ಬಂತು. ಕಚೇರಿಯಲ್ಲಿ ಬೇಡದ ಅರ್ಜಿಯ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದಿಡುವುದು ನಮಗೆ ರೂಢಿ. ಆ ಚೀಟಿಯನ್ನೂ ಹತ್ತು ತಿಂಗಳು ಹಾಗೆಯೇ ಇಟ್ಟೆ.

ನನ್ನ ತಿಳಿವಳಿಕೆ ಇಷ್ಟೆ: ದೇಹ ಗಟ್ಟಿಮುಟ್ಟಾಗಿದೆ, ದಾಂಪತ್ಯದಲ್ಲಿ ಕೊರತೆಯಿಲ್ಲ, ಅಂದ ಮೇಲೆ ದೋಷ ನನ್ನದಲ್ಲ. ಇದೇ ದೊಡ್ಡ ತಪ್ಪು. ಗಂಡಸಿನ ಶಕ್ತಿಗೂ ವೀರ್ಯದಲ್ಲಿರುವ ವೀರ್ಯಾಣುಗಳ ಸಂಖ್ಯೆಗೂ ನೇರ ಸಂಬಂಧವಿಲ್ಲ. ವೀರ್ಯಾಣು ಕಣ್ಣಿಗೆ ಕಾಣುವ ವಸ್ತುವಲ್ಲ, ಸೂಕ್ಷ್ಮದರ್ಶಕವೇ ಬೇಕು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ, ಒಂಟಿಯಾಗಿಯೋ ಹೆಣ್ಣಿನ ಕಾರಣದೊಡನೆ ಕೂಡಿಯೋ, ಇರುತ್ತದೆ. ಮೊದಲೊಂದು ಮಗುವಾಗಿದೆ ಎಂಬುದೂ ಖಾತ್ರಿಯಲ್ಲ. ಮುಂದೆ ಜಡ್ಡು, ತಂಬಾಕು, ವಯಸ್ಸು ಇವು ತಮ್ಮ ಕೆಲಸ ಮಾಡಿರಬಹುದು.

ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯ ಆಗುತ್ತದೆ ಎಂಬ ಮಾತನ್ನು ನಂಬಿ ಹೈಸ್ಕೂಲಿನಲ್ಲಿ ನಾನೆಷ್ಟು ರಾತ್ರಿ ಹೆದರಿದ್ದೆನೋ! ವೀರ್ಯ ರಕ್ತದಿಂದ ಭಟ್ಟಿ ಇಳಿಸಿದ್ದಲ್ಲ. ವೀರ್ಯಾಣು ಹುಟ್ಟುವುದು ವೃಷಣದಲ್ಲಿ. ಒಂದು ತಂಡ ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆ ಕೆಲಸಕ್ಕೆ ಮೈಯ ಶಾಖಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕೆಂದೇ ಅದು ಹೊಟ್ಟೆಯ ಹೊರಗೆ ಚೀಲದಲ್ಲಿದೆ. ಇನ್ನು ಮೈಕಟ್ಟು ಬೆಳೆಸಲು ಹುಡುಗರು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ನು ವೀರ್ಯಾಣುವಿನ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು: ಸರಕು ಹೊರಗಿನಿಂದ ಬರುತ್ತಿದೆಯೆಂದು ಬಗೆದು ಮೆದುಳು ವೃಷಣಕ್ಕೆ ಹುಕುಮು ಕಳಿಸುವುದನ್ನು ಬಿಟ್ಟುಬಿಡುತ್ತದೆ.

ಇಂಥ ಮಾತುಗಳನ್ನು ಮುಚ್ಚಿಡದೆ ಬರೆಯಲು ರಘುನಾಥ ಧೋಂಡೋ ಕರ್ವೆಯವರು 1927ರಲ್ಲಿ 'ಸಮಾಜಸ್ವಾಸ್ಥ್ಯ' ಎಂಬ ಮರಾಠಿ ಮಾಸಪತ್ರಿಕೆ ತೆಗೆದರು. ವಾಚಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದಕ್ಕಾಗಿ ಅವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ನಮ್ಮ ಕಡೆ ಮೈಸೂರು ಸಂಸ್ಥಾನವು 1930ರಲ್ಲೇ ಸರ್ಕಾರದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅಪ್ಪಣೆ ಕೊಟ್ಟಿತ್ತು. ಇಷ್ಟೆಲ್ಲ ಆಗಿಯೂ, ಬಿ.ಎ. ಪಾಸಾದ ನಾನು ಒಂದು ಚೀಟಿಗೆ ಹೆದರಿದ್ದೆ.

ಪರೀಕ್ಷೆ ಸುಲಭ. ಎರಡರಿಂದ ಏಳು ದಿನ ಸಂಯಮದಿಂದಿದ್ದು ಮಾದರಿ ಕೊಡಬೇಕು, ಸೂಜಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು ಕೆಳಗಿನ ಗೆರೆ. ಅದಕ್ಕಿಂತ ಕಡಿಮೆಯಾದರೆ ಮಕ್ಕಳಾಗುವುದೇ ಇಲ್ಲವೆಂದಲ್ಲ. ನನ್ನದು 40 ಲಕ್ಷ. ಒಂದೇ ರಿಪೋರ್ಟನ್ನು ನಂಬಬಾರದೆಂದು ಮತ್ತೊಮ್ಮೆ ಮಾಡಿಸಿದರು, ಹೆಚ್ಚು ವ್ಯತ್ಯಾಸವಿರಲಿಲ್ಲ. ಕಾರಣ ವೆರಿಕೋಸೀಲ್, ಅಂದರೆ ವೃಷಣದ ಮೇಲಿನ ರಕ್ತನಾಳಗಳು ಉಬ್ಬಿ ಅಲ್ಲಿ ಶಾಖ ಹೆಚ್ಚುವುದು. ನೂರು ಗಂಡಸರಲ್ಲಿ ಸುಮಾರು ಹದಿನೈದು ಜನರಿಗೆ ಇದಿರುತ್ತದಂತೆ, ಹಲವರಿಗೆ ತೊಂದರೆಯೇ ಇಲ್ಲ. ನನಗೂ ನೋವಿರಲಿಲ್ಲ.

ಸಣ್ಣ ಶಸ್ತ್ರಕ್ರಿಯೆಯಾಗಿದೆ. ಫಲ ತಿಳಿಯಲು ಕಡಿಮೆಯೆಂದರೂ ಮೂರು ತಿಂಗಳು ಕಾಯಬೇಕು. ಸಂಖ್ಯೆ ಏರದಿದ್ದರೆ, ಒಂದೇ ವೀರ್ಯಾಣುವನ್ನು ಅಂಡದೊಳಗೆ ಸೇರಿಸುವ, 1992ರಲ್ಲಿ ಬೆಲ್ಜಿಯಮ್ಮಿನ ವೈದ್ಯರು ಪ್ರಕಟಿಸಿದ ಉಪಾಯವಿದೆ. ಆದರೆ ಅದರ ವೆಚ್ಚ ನೋಡಿದರೆ ಗುಮಾಸ್ತನ ಎದೆ ನಡುಗುತ್ತದೆ.

ಅವ್ವನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮನೆಯವಳು ಬೇಡವೆಂದಳು, "ನನಗ ರೂಢಿ ಆಗೇತಿ, ಇರಲಿ ಬಿಡ್ರಿ" ಎಂದಳು. ಆ ಮಾತು ಕೇಳಿದ ಮೇಲೆ ಹೇಳದಿರಲಾಗಲಿಲ್ಲ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. "ಇಷ್ಟು ವರ್ಷ ಆ ಹುಡುಗೀಗೆ ಏನೇನು ಅಂದೆನಲ್ಲೋ" ಎಂದಷ್ಟೇ ಹೇಳಿ ಅಡಿಗೆಮನೆಗೆ ಹೋಗಿ ಸೊಸೆಯ ಹತ್ತಿರ ಕುಳಿತಳು. ಮರುದಿನ ಬೆಳಿಗ್ಗೆ, ಊರಿನಿಂದ ತಂದಿದ್ದ ಹೊಸ ತಾಯಿತವನ್ನು ನನ್ನ ತೋಳಿಗೆ ಕಟ್ಟಿದಳು. ಬಿಚ್ಚಿಲ್ಲ.