ನಾಲಗೆಗೆ ನಿಲುಕದ ಲವಣ: ಜನಪದ ಜಲಪರೀಕ್ಷೆ ಮತ್ತು ಋಣ ಅಯಾನುಗಳ ಸಂವೇದಕಗಳು

ಬಯಲುಸೀಮೆಯ ಜನಪದರು ನೀರಿನ ಗುಣವನ್ನು ನಿರ್ಣಯಿಸಲು ಮುಖ್ಯವಾಗಿ ನಾಲಗೆ, ಒಲೆ ಮತ್ತು ಬಟ್ಟೆ ಒಗೆಯುವ ಕಲ್ಲನ್ನು ನೆಚ್ಚಿದ್ದಾರೆ. ಬಾಯಿಗೆ ಉಪ್ಪೆನಿಸಿದರೆ ಸವಳು ನೀರು. ಬೇಳೆ ಬೇಯದಿದ್ದರೆ, ಸಾಬೂನು ನೊರೆಗಟ್ಟದಿದ್ದರೆ ಗಡಸು ನೀರು. ಬೇಳೆ ಬೇಗ ಬೆಂದು ಬಾಯಿಗೂ ಹಿತವಾದುದು ಸಿಹಿನೀರು. ಈ ಪರೀಕ್ಷೆಗಳನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಕ್ಲೋರೈಡ್‌ನ ಆಧಿಕ್ಯವನ್ನು ನಾಲಗೆಯೂ ಕ್ಯಾಲ್ಸಿಯಮ್, ಮೆಗ್ನೀಸಿಯಮ್‌ಗಳ ಆಧಿಕ್ಯವನ್ನು ಒಲೆಯೂ ಸರಿಯಾಗಿಯೇ ಸೂಚಿಸುತ್ತವೆ.

ಫ್ಲೋರೈಡ್‌ನ ವಿಷಯದಲ್ಲಿ ಮಾತ್ರ ಈ ಜ್ಞಾನ ಸೋಲುವುದಷ್ಟೇ ಅಲ್ಲ, ದಾರಿ ತಪ್ಪಿಸುವುದೂ ಉಂಟು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಜಲಮೂಲವಿಲ್ಲದಿದ್ದರೆ 1.5ರವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಈ ಪ್ರಮಾಣದಲ್ಲಿ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕ್ಯಾಲ್ಸಿಯಮ್ ಹೇರಳವಾಗಿರುವ ನೀರಿನಲ್ಲಿ ಫ್ಲೋರೈಡ್ ಅದರೊಡನೆ ಕೂಡಿ ಗಷ್ಟಾಗಿ ತಳ ಸೇರುತ್ತದೆ. ಕ್ಯಾಲ್ಸಿಯಮ್ ಕಡಿಮೆಯಿದ್ದು ಸೋಡಿಯಮ್ ಬೈಕಾರ್ಬೊನೇಟ್ ಹೆಚ್ಚಿರುವಲ್ಲಿ ಕರಗಿಯೇ ಉಳಿಯುತ್ತದೆ. ಅಂಥದು ಮೆದು ನೀರು, ಅದರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ. ಒಲೆ ಒಪ್ಪಿದ ನೀರೇ ಮಗುವಿನ ಹಲ್ಲನ್ನು ಕೆಡಿಸಬಲ್ಲುದು. ಹಲ್ಲು ಮೂಡುವ ಮೊದಲೇ ಹಾನಿ ನಡೆದಿರುವುದರಿಂದ ಕಂದು ಕಲೆ ಕಾಣಿಸುವ ಹೊತ್ತಿಗೆ ಆ ನೀರನ್ನು ಕುಡಿದು ವರ್ಷಗಳೇ ಕಳೆದಿರುತ್ತವೆ.

ಕೋಲಾರ, ಪಾವಗಡ ಮೊದಲಾದೆಡೆ ಕೊಳವೆ ಬಾವಿಗಳು ಶಿಲಾಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರನ್ನು ಮೇಲೆತ್ತಿದವು. ತೆರೆದ ಬಾವಿ ಮತ್ತು ಕೆರೆಗಳ ಅನುಭವದಲ್ಲಿ ರೂಪುಗೊಂಡ ಪರಂಪರೆಗೆ ಈ ಆಳದ ನೀರು ಅಪರಿಚಿತ. ಹಾಗೆಂದು ಹಿಂದೆ ಈ ಬಾಧೆ ಇರಲೇ ಇಲ್ಲವೆನ್ನುವಂತಿಲ್ಲ; 1937ರಲ್ಲಿಯೇ ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ ಅದು ವರದಿಯಾಗಿತ್ತು.

ಇಂದ್ರಿಯಕ್ಕೆ ನಿಲುಕದ ಇಂಥ ಅಯಾನಿಗೆ ಒಂದು ಕುರುಹನ್ನು ಒದಗಿಸುವುದೇ ಸಂವೇದಕದ ಕಾರ್ಯ. ಸರಳವಾದ ವಿಧಾನದಲ್ಲಿ ಜಿರ್ಕೋನಿಯಮ್ ಮತ್ತು ಅಲಿಜರಿನ್ ಕೂಡಿದ ಕೆಂಪು ದ್ರಾವಣಕ್ಕೆ ನೀರನ್ನು ಬೆರೆಸುತ್ತಾರೆ. ಫ್ಲೋರೈಡ್ ಇದ್ದರೆ ಅದು ಜಿರ್ಕೋನಿಯಮನ್ನು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ಸಂಗಾತಿಯನ್ನು ಕಳೆದುಕೊಂಡ ಬಣ್ಣ ಹಳದಿಗೆ ತಿರುಗುತ್ತದೆ. 1966ರಲ್ಲಿ ಫ್ರಾಂಟ್ ಮತ್ತು ರಾಸ್ ಪ್ರಕಟಿಸಿದ ವಿದ್ಯುದಗ್ರದಲ್ಲಿ ಲ್ಯಾಂಥನಮ್ ಫ್ಲೋರೈಡ್‌ನ ಹರಳು ಇದೆ. ಅದರೊಳಗೆ ಫ್ಲೋರೈಡ್ ಅಯಾನುಗಳು ಮಾತ್ರ ಸಂಚರಿಸಬಲ್ಲವು. ನೀರಿನ ಫ್ಲೋರೈಡ್ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟ್‌ಗಳ ವ್ಯತ್ಯಾಸ ಕಾಣುತ್ತದೆ. ಈ ಸಾಧನವೂ ಮೋಸಹೋಗುತ್ತದೆ: ತೀರ ಕ್ಷಾರೀಯ ನೀರಿನಲ್ಲಿ ಹೈಡ್ರಾಕ್ಸೈಡನ್ನು ಫ್ಲೋರೈಡ್ ಎಂದೇ ಎಣಿಸುತ್ತದೆ; ಅಲ್ಯೂಮಿನಿಯಮ್ ಹಿಡಿದಿಟ್ಟ ಫ್ಲೋರೈಡನ್ನು ಕಾಣುವುದಿಲ್ಲ. ಆದಕಾರಣ ಅಳೆಯುವ ಮುನ್ನ ನೀರನ್ನು ತಕ್ಕ ದ್ರಾವಣದೊಡನೆ ಹದಗೊಳಿಸಬೇಕಾಗುತ್ತದೆ.

ಫಾಸ್ಫೇಟ್ ಇನ್ನೂ ಕಷ್ಟದ್ದು. ಅದು ಕುಡಿಯುವವನಿಗಿಂತ ಕೆರೆಗೆ ಕೇಡು. ನೀರು ಹಸಿರುಗಟ್ಟುವುದನ್ನು ಕಣ್ಣು ಕಾಣುವುದು ಪಾಚಿ ಬೆಳೆದ ಮೇಲೆಯೇ. ನೀರಿನ ಅಣುಗಳು ಫಾಸ್ಫೇಟನ್ನು ಬಿಗಿಯಾಗಿ ಸುತ್ತುವರಿದಿರುತ್ತವೆ. ಆ ಹೊದಿಕೆಯನ್ನು ಕಳಚಿಸಿ ಅದನ್ನು ಹಿಡಿಯಬೇಕಾದ ಗ್ರಾಹಕ ಅಣುಗಳಲ್ಲಿ ಹಲವು ಸಾವಯವ ದ್ರಾವಕದಲ್ಲಿ ಸಮರ್ಥವಾಗಿದ್ದರೂ ನೀರಿನಲ್ಲಿ ನಿಸ್ಸಹಾಯಕ. ಆದ್ದರಿಂದಲೇ 1962ರ ಮರ್ಫಿ–ರೈಲಿ ವಿಧಾನದ ಮಾಲಿಬ್ಡಿನಮ್ ನೀಲಿಯನ್ನು ಪ್ರಯೋಗಾಲಯಗಳು ಇಂದಿಗೂ ಬಳಸುತ್ತವೆ. ಆರ್ಸೆನೇಟ್ ಕೂಡ ಅದೇ ನೀಲಿಯನ್ನು ಕೊಡುತ್ತದೆಂಬುದು ಇದರ ದೋಷ.

ಆರ್ಸೆನಿಕ್‌ನ ಸಂದರ್ಭದಲ್ಲಿ ಬಾಂಗ್ಲಾದೇಶದ ನಿದರ್ಶನ ಜಾನಪದ ಅಧ್ಯಯನಕ್ಕೂ ಉಪಯುಕ್ತ. ಅಲ್ಲಿ 2000ದ ಆಸುಪಾಸಿನ ವರ್ಷಗಳಲ್ಲಿ ಸುಮಾರು 50 ಲಕ್ಷ ಕೊಳವೆ ಬಾವಿಗಳನ್ನು ಕ್ಷೇತ್ರದಲ್ಲಿಯೇ ಪರೀಕ್ಷಿಸಿ, ಕೆಟ್ಟವುಗಳ ಮೂತಿಗೆ ಕೆಂಪು, ಒಳ್ಳೆಯವಕ್ಕೆ ಹಸಿರು ಬಳಿಯಲಾಯಿತು. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಕೆಲವು ವರ್ಷಗಳಲ್ಲಿ ಅನೇಕ ಕಡೆ ಬಣ್ಣ ಸವೆಯಿತು. ಹೊಸದಾಗಿ ಕೊರೆದ ಎಷ್ಟೋ ಬಾವಿಗಳಿಗೆ ಪರೀಕ್ಷೆಯೂ ಇರಲಿಲ್ಲ, ಬಣ್ಣವೂ ಇರಲಿಲ್ಲ.