ವರ ಅಮೆರಿಕದವನು, ಕೇಸು ಹಳೆಯದು

ರಾತ್ರಿ ಹತ್ತೂವರೆಗೆ ಹಾಸನದಿಂದ ದೊಡ್ಡಪ್ಪನ ಫೋನ್. ಮರುದಿನ ಇಂಟರ್ನಲ್ಸ್ ಇತ್ತು, ಹಾಸ್ಟೆಲ್ಲಿನಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದೆ.

‘ಪುಟ್ಟಿ, ನೀನು ಕಂಪ್ಯೂಟರ್ ಓದ್ತಿದೀಯಲ್ಲ, ಒಂದು ವಿಷಯ ಹುಡುಕಿ ಹೇಳು. ಹುಡುಗನ ಮೇಲೆ ಅಲ್ಲಿ ಪೊಲೀಸ್ ಕೇಸ್ ಇದ್ರೆ, ನಮ್ಮ ಹುಡುಗಿಗೆ ವೀಸಾ ಕೊಡ್ತಾರಾ?’

ನಾನು ಓದುತ್ತಿರುವುದು ಮೆಕ್ಯಾನಿಕಲ್. ಆದರೆ ನಮ್ಮ ಮನೆಯವರಿಗೆ ಬಿ.ಇ. ಅಂದರೆ ಕಂಪ್ಯೂಟರೇ. ತಿದ್ದಲು ಹೋಗಲಿಲ್ಲ.

ಹುಡುಗ ಅಂದರೆ ಅಕ್ಕನಿಗೆ ಗೊತ್ತಾಗಿದ್ದ ವರ. ಮೂಲ ಮಂಡ್ಯ ಕಡೆ, ಈಗ ಅಮೆರಿಕದ ಪ್ರಜೆ. ಜಾತಕ ಕೂಡಿತ್ತು, ಇಬ್ಬರೂ ಎರಡು ತಿಂಗಳಿಂದ ಮಾತಾಡುತ್ತಿದ್ದರು. ಒಂದು ದಿನ ಅವನೇ ಅಕ್ಕನಿಗೆ ಹೇಳಿದ್ದಾನೆ: ಆರು ವರ್ಷದ ಹಿಂದೆ ಪಾರ್ಟಿ ಮುಗಿಸಿ ಕುಡಿದು ಕಾರು ಓಡಿಸುವಾಗ ಸಿಕ್ಕಿಬಿದ್ದೆ, ಒಂದು ರಾತ್ರಿ ಲಾಕಪ್ಪಿನಲ್ಲಿದ್ದೆ, ಕೋರ್ಟು ದಂಡ ಹಾಕಿ ಕೆಲವು ತಿಂಗಳು ಲೈಸೆನ್ಸ್ ಕಿತ್ತುಕೊಂಡಿತು ಎಂದು. ಅಕ್ಕ ಅದನ್ನು ಮನೆಯಲ್ಲಿ ಹೇಳಿದಳು. ಅಜ್ಜಿ ‘ಜೈಲಿಗೆ ಹೋಗಿ ಬಂದವನಾ?’ ಎಂದು ಊಟ ಬಿಟ್ಟರು. ದೊಡ್ಡಮ್ಮ ಅತ್ತರು. ನಮ್ಮಲ್ಲೂ ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ಕಾನೂನಿನ ಪ್ರಕಾರ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಾಗೆ ದಂಡ ಕಟ್ಟಿದ ಮಾವಂದಿರು ನಮ್ಮ ನೆಂಟರಲ್ಲೇ ಇದ್ದಾರೆ, ಅವರ ಮದುವೆಗೇನೂ ಅಡ್ಡಿಯಾಗಲಿಲ್ಲ!

ಇಂಟರ್ನಲ್ಸ್ ಹೋದಂತೆ ಹೋಯಿತು. ಮುಂದಿನ ಮೂರು ರಾತ್ರಿ ನಾನು ಅಮೆರಿಕದ ವಲಸೆ ನಿಯಮ ಓದಿದೆ.

ಅಮೆರಿಕದ ಪ್ರಜೆ ಹೆಂಡತಿಯನ್ನು ಕರೆಸಿಕೊಳ್ಳಬೇಕಾದರೆ ಐ-130 ಎಂಬ ಅರ್ಜಿ ಹಾಕಬೇಕು. ಆಮೇಲೆ ಬಡತನ ರೇಖೆಯ ಶೇ 125ರಷ್ಟಾದರೂ ಆದಾಯವಿದೆ, ಇವಳನ್ನು ಸಾಕುತ್ತೇನೆ ಎಂದು ಬರೆದುಕೊಡಬೇಕು. ನನಗೆ ಆಶ್ಚರ್ಯವಾಗಿದ್ದು, ಆ ಐ-130ರಲ್ಲಿ ಅವನ ಹಳೆಯ ಕೇಸುಗಳ ಬಗ್ಗೆ ಪ್ರಶ್ನೆಯೇ ಇಲ್ಲ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತರಬೇಕಾದವಳು ಹುಡುಗಿ. ಹೆಲ್ಮೆಟ್ ಇಲ್ಲದೆ ಸ್ಕೂಟಿ ಹತ್ತದ ನಮ್ಮ ಅಕ್ಕ ‘ನಾನು ಅಪರಾಧಿಯಲ್ಲ’ ಎಂದು ಪಾಸ್‌ಪೋರ್ಟ್ ಕಚೇರಿಯಿಂದ ಕಾಗದ ತರಬೇಕು. ಅವನು ತರಬೇಕಿಲ್ಲ.

ಹಾಗಂತ ಯಾರು ಬೇಕಾದರೂ ಕರೆಸಿಕೊಳ್ಳಬಹುದು ಎಂದಲ್ಲ. 1981ರಲ್ಲಿ ಫ್ಲೋರಿಡಾದಲ್ಲಿ ಆಡಂ ವಾಲ್ಶ್ ಎಂಬ ಆರು ವರ್ಷದ ಬಾಲಕನನ್ನು ಅಪಹರಿಸಿ ಕೊಲ್ಲಲಾಯಿತು. ಅವನ ಹೆಸರಿನಲ್ಲಿ 2006ರಲ್ಲಿ ಬಂದ ಕಾಯ್ದೆಯ ಪ್ರಕಾರ, ಮಕ್ಕಳ ಮೇಲಿನ ಕೆಲವು ಅಪರಾಧಗಳಲ್ಲಿ ಶಿಕ್ಷೆಯಾದವನು ಹೆಂಡತಿಗೂ ಅರ್ಜಿ ಹಾಕುವಂತಿಲ್ಲ. ಇವನಿಂದ ಅವಳಿಗೆ ಅಪಾಯವಿಲ್ಲ ಎಂದು ಸರ್ಕಾರವೇ ಒಪ್ಪಿದರೆ ಮಾತ್ರ ದಾರಿ. ಉಳಿದ ಹೆಚ್ಚಿನ ಅಪರಾಧಗಳು, ಕುಡಿದು ಓಡಿಸಿದ್ದೂ ಸೇರಿ, ಪ್ರಜೆಯಾದವನ ಅರ್ಜಿಯನ್ನು ತಡೆಯುವುದಿಲ್ಲ. ಗ್ರೀನ್ ಕಾರ್ಡಿನವನಾದರೆ ಮಾತು ಬೇರೆ. ಅರ್ಜಿ ಹಾಕಲು ಹೋಗಿ ತನ್ನ ಹಳೆಯ ಕೇಸನ್ನೇ ಮೇಲೆಬ್ಬಿಸಿಕೊಂಡು ಗಡೀಪಾರಿನ ಭಯಕ್ಕೆ ಬೀಳಬಹುದು. ನಮ್ಮ ಎಚ್-1ಬಿ ಹುಡುಗರ ಸ್ಥಿತಿ ಇನ್ನೂ ಸೂಕ್ಷ್ಮ: 2015ರಿಂದ ಇಂಥ ಕೇಸಿನಲ್ಲಿ ಬರೀ ಬಂಧನವಾದರೂ ವೀಸಾ ರದ್ದಾಗಬಹುದು. ಹೆಂಡತಿಯ ಎಚ್-4 ನಿಂತಿರುವುದು ಅವನ ವೀಸಾದ ಮೇಲೆಯೇ.

ಎರಡನೇ ರಾತ್ರಿ ಓದಿದ ಒಂದು ಕಥೆ ನಿದ್ದೆ ಕೆಡಿಸಿತು. 2000ನೇ ಇಸವಿಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಿರ್ಗಿಸ್ತಾನದಿಂದ ಮದುವೆಯಾಗಿ ಬಂದಿದ್ದ ಹುಡುಗಿಯನ್ನು ಗಂಡನೇ ಕೊಲ್ಲಿಸಿದ. ಅವನ ಮೊದಲ ಹೆಂಡತಿಯೂ ಹೊರದೇಶದವಳೇ, ಅವನಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಗಿದ್ದವಳು. ಇದೆಲ್ಲ ಅಮೆರಿಕದ ದಾಖಲೆಯಲ್ಲಿತ್ತು, ಅದನ್ನು ಇವಳಿಗೆ ತಿಳಿಸಬೇಕೆಂಬ ಕಾನೂನು ಮಾತ್ರ ಇರಲಿಲ್ಲ. ಸಾಯುವಾಗ ಅವಳಿಗೆ ಇಪ್ಪತ್ತು ವರ್ಷ. ನನಗೂ ಈಗ ಇಪ್ಪತ್ತು.

ಇಂಥ ಸಾವುಗಳ ನಂತರ, 2006ರ ಜನವರಿಯಲ್ಲಿ ಒಂದು ಕಾನೂನು ಬಂತು. ವಿದೇಶಿ ಹುಡುಗಿಯನ್ನು ಮದುವೆಗೆ ಮುಂಚೆ ಫಿಯಾನ್ಸೆ ವೀಸಾದಲ್ಲಿ ಕರೆಸಿಕೊಳ್ಳುವವನು ಕೊಲೆ, ಲೈಂಗಿಕ ದೌರ್ಜನ್ಯ, ಕೌಟುಂಬಿಕ ಹಿಂಸೆಯಂಥ ಅಪರಾಧಗಳಲ್ಲಿ ಆದ ಶಿಕ್ಷೆಯನ್ನು ಅರ್ಜಿಯಲ್ಲೇ ಹೇಳಬೇಕು. ಕುಡಿತ, ಮಾದಕ ವಸ್ತುವಿನ ಕೇಸಾದರೆ ಮೂರು ಶಿಕ್ಷೆಯಾಗಿದ್ದಾಗ. ಆ ವಿವರವನ್ನು ಅಧಿಕಾರಿಗಳು ಹುಡುಗಿಗೆ ತಿಳಿಸುತ್ತಾರೆ. ವೀಸಾ ನಿಲ್ಲಿಸುವುದಕ್ಕಲ್ಲ, ಅವಳು ಗೊತ್ತಿದ್ದು ನಿರ್ಧರಿಸಲಿ ಎಂದು.

ಓದಿ ಸಮಾಧಾನವಾಯಿತು. ಆಮೇಲೆ ಹೊಳೆಯಿತು, ಇದು ನಮಗೆ ಅನ್ವಯಿಸುವುದೇ ಇಲ್ಲ! ನಮ್ಮಲ್ಲಿ ಯಾರು ಮದುವೆಗೆ ಮುಂಚೆ ಮಗಳನ್ನು ವಿಮಾನ ಹತ್ತಿಸುತ್ತಾರೆ? ಕಲ್ಯಾಣ ಮಂಟಪದಲ್ಲಿ ಧಾರೆಯಾಗಿ, ರಿಜಿಸ್ಟ್ರಾರ್ ಕಚೇರಿಯ ಸರ್ಟಿಫಿಕೇಟ್ ಬಂದ ಮೇಲೆ ಐ-130. ಅಲ್ಲಿ ಹೆಂಡತಿಗೆ ಅವನ ಹಳೆಯ ಕೇಸು ತಿಳಿಸುವ ಏರ್ಪಾಟಿಲ್ಲ. ನಮ್ಮ ಹಿರಿಯರು ಮರ್ಯಾದೆಗೆಂದು ಮಾಡುವ ಕ್ರಮದಲ್ಲೇ ಹುಡುಗಿಗೆ ಮಾಹಿತಿ ಕಡಿಮೆ. ಆಸ್ಟ್ರೇಲಿಯಾದಲ್ಲಿ 2016ರ ನವೆಂಬರ್‌ನಿಂದ ಸಂಗಾತಿಯನ್ನು ಕರೆಸಿಕೊಳ್ಳುವವನೇ ಪೊಲೀಸ್ ದಾಖಲೆ ಕೊಡಬೇಕು, ಅದರಲ್ಲಿ ಗಂಭೀರವಾದದ್ದಿದ್ದರೆ ಅವಳಿಗೂ ತಿಳಿಸಬಹುದು. ಕೆನಡಾದಲ್ಲಿ ಮನೆಯವರ ಮೇಲೆ ಕೈಮಾಡಿ ಗಾಯಗೊಳಿಸಿ ಶಿಕ್ಷೆಯಾದವನು, ಶಿಕ್ಷೆ ಮುಗಿದು ಐದು ವರ್ಷದವರೆಗೆ ಹೆಂಡತಿಯನ್ನು ಕರೆಸಿಕೊಳ್ಳುವಂತಿಲ್ಲ.

ಶನಿವಾರ ಹಾಸನಕ್ಕೆ ಹೋದೆ. ಹಾಲ್‌ನಲ್ಲಿ ಎಲ್ಲರೂ ಕೂತಿದ್ದರು, ನಾನು ವೈವಾ ಕೊಡುವವಳ ಹಾಗೆ ನಿಂತಿದ್ದೆ. ‘ಅವರು ಹೇಳಿದ್ದು ನಿಜವಾದರೆ, ಆ ಒಂದು ಕೇಸಿನಿಂದ ಅರ್ಜಿ ನಿಲ್ಲೋದಿಲ್ಲ’ ಅಂದೆ. ದೊಡ್ಡಪ್ಪ ತೊಡೆ ತಟ್ಟಿಕೊಂಡು ನಕ್ಕರು. ದೊಡ್ಡಮ್ಮ ದೇವರಿಗೆ ತುಪ್ಪದ ದೀಪ ಹಚ್ಚಲು ಎದ್ದರು. ಅಜ್ಜಿ ಕಾಫಿ ಕೇಳಿದರು. ಮೂರು ದಿನದ ಸೂತಕ ಒಂದು ವಾಕ್ಯಕ್ಕೆ ಕಳೆದುಹೋಯಿತು.

ಅಕ್ಕ ಮಾತ್ರ ಕೂತಲ್ಲಿಂದ ಏಳಲಿಲ್ಲ. ‘ವೀಸಾ ಸಿಗುತ್ತೆ, ಸರಿ. ಅವರು ಈಗಲೂ ಕುಡಿದು ಗಾಡಿ ಓಡಿಸ್ತಾರಾ ಅಂತ ಈ ಮನೇಲಿ ಯಾರಾದ್ರೂ ಕೇಳಿದ್ರಾ?’

ಯಾರೂ ಮಾತಾಡಲಿಲ್ಲ. ನಾನೂ. ಮೂರು ರಾತ್ರಿ ಅಷ್ಟೆಲ್ಲ ಓದಿದವಳಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಅವತ್ತು ರಾತ್ರಿ ಅಕ್ಕ ಅವರ ಜತೆ ತುಂಬಾ ಹೊತ್ತು ಮಾತಾಡಿದಳು. ಕೋರ್ಟಿನ ಕಾಗದಗಳನ್ನು ಕಳಿಸಿ ಎಂದಳಂತೆ. ಅಮೆರಿಕದ ಬಹಳಷ್ಟು ಕಡೆ ಕೋರ್ಟಿನ ದಾಖಲೆ ಯಾರು ಬೇಕಾದರೂ ನೋಡಬಹುದು, ಆದರೂ ಅವರ ಕೈಯಿಂದಲೇ ಬರಲಿ ಎಂಬುದು ಅವಳ ಹಟ. ಎರಡು ದಿನ ಉತ್ತರವಿರಲಿಲ್ಲ. ಮೂರನೆಯ ದಿನ ಹದಿನಾಲ್ಕು ಪುಟ ಬಂತು, ಜತೆಗೆ ಒಂದು ಸಾಲು: ‘ಕೇಳಿದ್ದು ಒಳ್ಳೇದಾಯ್ತು.’

ನಿಶ್ಚಿತಾರ್ಥದ ದಿನವನ್ನು ದೊಡ್ಡಪ್ಪ ಮುಂದೂಡಿದ್ದಾರೆ, ನೆಂಟರಿಗೆ ಆಷಾಢ ಎಂದು ಹೇಳಿದ್ದಾರೆ. ಅಕ್ಕ ಆ ಹದಿನಾಲ್ಕು ಪುಟವನ್ನು ನನಗೆ ಕಳಿಸಿ, ಪ್ರಿಂಟ್ ತೆಗೆಸಿ ತಾ, ನಿಧಾನವಾಗಿ ಕೂತು ಓದಬೇಕು ಅಂದಳು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯವ ಪುಟಕ್ಕೆ ಎರಡು ರೂಪಾಯಿ ತೆಗೆದುಕೊಂಡ. ಪ್ರಾಜೆಕ್ಟ್ ರಿಪೋರ್ಟಾ ಅಂತ ಕೇಳಿದ. ಹೌದು ಅಂದೆ.